ನಲ್ಲಿ ಕರೆದರೂ ತಿರುಗದ ಕತ್ತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಸ್ ಡಿಪೋದ ಹಿಂಭಾಗದಲ್ಲಿ, ಕಡಲ ಕಡೆಯಿಂದ ಬಂದು ನಿಂತ ಬಸ್ಸೊಂದರೊಳಗೆ ಹೆಂಗಸೊಬ್ಬರು ಸೀಟಿನಡಿ ಬಗ್ಗಿ ಗುಡಿಸುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಬಾಗಿಲಲ್ಲಿ ನಿಂತಿದ್ದೇನೆ. ಕೈ ಗುಡಿಸುತ್ತಿದೆ, ಬಾಯಿ ಬೈಯುತ್ತಿದೆ. "ಹತ್ತೋಕೆ ಮುಂಚೆ ಕಾಲು ಒಂದ್ಸಲ ಒದರಿದ್ರೆ ಇವರ ಗಂಟೇನು ಹೋಗ್ತಿತ್ತು? ಅರ್ಧ ಸಮುದ್ರಾನೇ ಹೊತ್ಕೊಂಡು ಬಂದಿದ್ದಾರೆ ನೋಡಿ ಮೇಡಂ." ಮೊರದ ತುಂಬ ಬಿಳಿ ಮರಳು. ಹೊರಗೆ ಸುರಿಯುವ ಮೊದಲು ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ಸಮುದ್ರವನ್ನು ಅವರು ಇದುವರೆಗೆ ಕಂಡಿಲ್ಲ.

ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವರು ಪೈಪಕ್ಕ. ಅವರ ಕೈಯನ್ನು ನೀರಿನ ಪೈಪಿಲ್ಲದೆ ನೋಡಿದವರು ಕಡಿಮೆ, ಅದಕ್ಕೇ ಆ ಹೆಸರು. ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಬೆಳಗಿನ ಮೊದಲ ಬಸ್ಸು ಗೇಟು ದಾಟುವ ಹೊತ್ತಿಗೆ ಮೂವತ್ತರ ಮೇಲೆ ಬಸ್ಸು ತೊಳೆದು ಮುಗಿಸುತ್ತಾರೆ. ಒಂದರ ಮೈಗೆ ಕೆಂಪು ಧೂಳು ಮೆತ್ತಿದ್ದರೆ ಇನ್ನೊಂದರ ಚಕ್ರಕ್ಕೆ ಕರಿ ಕೆಸರು. ಚಳಿಗಾಲದಲ್ಲಿ ಬೆರಳ ಸಂದಿಗಳು ಒಡೆದು ರಕ್ತ ಬರುವುದುಂಟು. ಹದಿನೆಂಟು ವರ್ಷದಿಂದ ಇದೇ ಕೆಲಸ. ಬಸ್ಸುಗಳು ಹೋಗುತ್ತವೆ, ಕೊಳೆ ಮಾಡಿಕೊಂಡು ಬರುತ್ತವೆ, ಇವರು ಮಾತ್ರ ಇದ್ದಲ್ಲೇ ಇದ್ದಾರೆ.

ಇವರ ಕೆಲಸದಲ್ಲಿ ಒಂದು ಪದ್ಧತಿ ಇದೆ. ಉಳಿದವರು ಮುಂಬಾಗಿಲಿನಿಂದ ಗುಡಿಸಲು ಶುರುಮಾಡಿದರೆ ಪೈಪಕ್ಕ ಹಿಂದಿನ ಸೀಟಿನಿಂದ ಶುರುಮಾಡುತ್ತಾರೆ. ಹಾಗೆ ಮಾಡಿದರೆ ಡ್ರೈವರ್ ಸೀಟು ಕೊನೆಗೆ ಬರುತ್ತದೆ. ಎಲ್ಲ ಒರೆಸಿ ಮುಗಿಸಿದ ಮೇಲೆ ಅದರಲ್ಲಿ ಕೂತು, ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಎದುರಿನ ಗಾಜಿನಾಚೆ ನೋಡುತ್ತಾರೆ. ನಾಲ್ಕು ಉಸಿರು ಎಳೆದು ಬಿಡುವಷ್ಟು ಹೊತ್ತು ಹಾಗೆ ಕೂತು ಇಳಿದುಬಿಡುತ್ತಾರೆ. ಇನ್ನೂ ಸ್ವಲ್ಪ ಕೂರಬಹುದಲ್ಲ ಎಂದು ಕೇಳಿದೆ. "ಜಾಸ್ತಿ ಹೊತ್ತು ಕೂತ್ರೆ ಆಸೆ ಹಳಸತ್ತೆ ಮೇಡಂ. ದಿನಾ ಚೂರು ಚೂರು ಕೂತ್ರೆ ನಾಳೆ ಮತ್ತೆ ಬರ್ಬೇಕು ಅನ್ಸತ್ತೆ," ಅಂದರು.

ಅವರ ಆಸೆ ಗುಟ್ಟಿನದ್ದೇನಲ್ಲ. ಆ ಸೀಟಿನಲ್ಲಿ ಕೂತು, ಆ ಗೇಟು ದಾಟಿ ಹೋಗಬೇಕು, ಅಷ್ಟೇ. ಮುಂದಿನ ತಿಂಗಳು ಡಿಪೋಗೆ ಹೊಸ ಬಸ್ಸುಗಳು ಬರಲಿವೆ. ದೊಡ್ಡ ಗಾಡಿಯ ಲೈಸೆನ್ಸ್ ಇದ್ದರೆ ಇಲ್ಲಿನ ಕೆಲಸಗಾರರೂ ಚಾಲಕರಾಗಬಹುದು ಎಂದು ಮ್ಯಾನೇಜರ್ ಹೇಳಿದ್ದಾರೆ. ಆದರೆ ಅದಕ್ಕೊಂದು ವಯಸ್ಸಿನ ಮಿತಿ ಇದೆ, ಈ ವರ್ಷ ಕಳೆದರೆ ಪೈಪಕ್ಕ ಅದನ್ನು ದಾಟುತ್ತಾರೆ. ಲೈಸೆನ್ಸ್ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ಫೇಲಾಗಿದ್ದಾರೆ. ಮೂರನೆಯದೂ ಕೈತಪ್ಪಿದರೆ ಜನ್ಮಪೂರ್ತಿ ಪೈಪೇ ಗತಿ.

ಓಡಿಸಲು ಕಲಿಸಿದವರು ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಚಾಲಕರು. ಗೇರ್ ಬದಲಿಸಿದ್ದು ಪ್ರಯಾಣಿಕರಿಗೆ ಗೊತ್ತೇ ಆಗದಷ್ಟು ನಯವಾದ ಕೈ ಅವರದು, ಹಾಗಾಗಿ ಎಲ್ಲರಿಗೂ ಗೇರಜ್ಜ. ವಾರದ ರಜೆಯಲ್ಲಿ ಡಿಪೋದ ಹಿಂದಿನ ಬಯಲಿನಲ್ಲಿ ಮೂಲೆ ಸೇರಿದ್ದ ಹಳೇ ಬಸ್ಸನ್ನು ಹೊರಡಿಸಿ ಪಾಠ ಹೇಳುತ್ತಾರೆ. ಶುರುವಿನಲ್ಲಿ ಮೆಕ್ಯಾನಿಕ್ಕುಗಳು ಗೋಡೆ ಮೇಲೆ ಕೂತು ತಮಾಷೆ ನೋಡುತ್ತಿದ್ದರಂತೆ. ಪೈಪಕ್ಕ ಅತ್ತ ತಿರುಗಿಯೂ ನೋಡದ್ದರಿಂದ ಅವರಿಗೇ ಬೇಜಾರಾಗಿ ಎದ್ದು ಹೋದರಂತೆ. ಶಿಷ್ಯೆ ಹೇಗೆ ಎಂದು ಅಜ್ಜನನ್ನು ಕೇಳಿದರೆ ಗಲ್ಲ ಕೆರೆದುಕೊಳ್ಳುತ್ತಾರೆ. "ಕೈ ಚೆನ್ನಾಗಿದೆ, ಕಾಲು ಚೆನ್ನಾಗಿದೆ. ಕಣ್ಣು ಮಾತ್ರ ಎಲ್ಲಿ ಹೋದ್ರೂ ಕೊಳೆ ಹುಡುಕತ್ತೆ."

ಅದು ಚಾಡಿಯಲ್ಲ, ಇದ್ದ ಮಾತು. ಮೊದಲ ಪರೀಕ್ಷೆಯಲ್ಲಿ ಎಲ್ಲ ಸಲೀಸಾಗಿ ನಡೆದಿತ್ತು. ಅಷ್ಟರಲ್ಲಿ ಪೈಪಕ್ಕನಿಗೆ ಎದುರಿನ ಗಾಜಿನ ಮೂಲೆಯಲ್ಲಿ ಒಂದು ಕಲೆ ಕಂಡಿತು. ಸ್ಟೇರಿಂಗಿನಿಂದ ಕೈ ತೆಗೆದು ತೋಳಿನಿಂದ ಒರೆಸಿದರು. ಕಲೆ ಹೋಯಿತು, ಬಸ್ಸು ಬಿಳಿ ಗೆರೆಯನ್ನೂ ದಾಟಿ ಹೋಯಿತು. ಎರಡನೆಯ ಸಲದ್ದು ಇನ್ನೂ ಚೆಂದ. ಪರೀಕ್ಷೆಯ ಮೈದಾನದ ಗೋಡೆಯ ಬದಿಯಲ್ಲಿ ಒಂದು ನಲ್ಲಿ ಇದೆ, ಕೈ ಕಾಲು ತೊಳೆದವರು ಸರಿಯಾಗಿ ತಿರುಗಿಸದೆ ಹೋಗುತ್ತಾರೆ. ಕಂಬಗಳ ನಡುವೆ ಹಿಮ್ಮುಖವಾಗಿ ಬರುತ್ತಿದ್ದ ಪೈಪಕ್ಕನ ಕಿವಿಗೆ ನೀರು ಸುರಿಯುವ ಸದ್ದು ಬಿತ್ತು. ಬಸ್ಸು ನಿಲ್ಲಿಸಿ, ಇಳಿದು, ಹೋಗಿ ನಲ್ಲಿ ನಿಲ್ಲಿಸಿ ಬಂದು ಮತ್ತೆ ಹತ್ತಿದರು. ಪರೀಕ್ಷೆಯ ಅಧಿಕಾರಿ ಕೆಲಸಕ್ಕೆ ಸೇರಿದಂದಿನಿಂದ ಇಂಥದ್ದನ್ನು ಕಂಡಿರಲಿಲ್ಲವಂತೆ. ಮಧ್ಯದಲ್ಲಿ ಇಳಿದರೆ ಫೇಲು, ಅವರಾದರೂ ಏನು ಮಾಡಿಯಾರು?

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ನಂದು ಹುಟ್ಟುಗುಣಾನೂ ಅಲ್ಲ ಮೇಡಂ, ಸಂಬಳಕ್ಕೆ ಅಂಟಿದ ಗುಣ," ಎಂದು ಪೈಪಕ್ಕ ಈಗ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ. ಬೇರೆಯವರಿಗೆ ಫೋನು, ಟೀವಿ, ನಿದ್ದೆ ಅಡ್ಡ ಬರುತ್ತವೆ, ಅವನ್ನು ದೂರ ಇಟ್ಟರೆ ಮುಗಿಯಿತು. ಇವರಿಗೆ ಅಡ್ಡ ಬಂದದ್ದು ಅನ್ನ ಹಾಕುವ ಕೆಲಸವೇ, ಅದನ್ನು ಎಲ್ಲಿ ದೂರ ಇಡುವುದು?

ದಾರಿ ತೋರಿಸಿದ್ದು ಯಾರು ಅಂತೀರಿ? ಅತ್ತೆ. ಬಸ್ಸು ತೊಳೆಯುವವಳಿಗೆ ಓಡಿಸುವ ಶೋಕಿ ಯಾಕೆ ಎಂದು ವರ್ಷವಿಡೀ ಕುಟುಕಿದ್ದ ಅದೇ ಅತ್ತೆ. ಎರಡನೇ ಸಲ ಫೇಲಾದ ಸುದ್ದಿ ಕೇಳಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮೊದಲು ಆಡಿಕೊಂಡರಂತೆ. ಕೆಲಸ ಮುಗಿಸಿ ಬಂದ ಸೊಸೆ ಎಂದಿನಂತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಊಟದ ತಟ್ಟೆಯನ್ನು ಸ್ಟೇರಿಂಗಿನಂತೆ ಹಿಡಿದು ತಿರುಗಿಸತೊಡಗಿದರು. ಸ್ವಲ್ಪ ಹೊತ್ತು ನೋಡಿದ ಅತ್ತೆ ಎದ್ದು ಹೋಗಿ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ಬಿಟ್ಟರು.

"ನೀನು ಸೋತಿದ್ದು ಬಸ್ಸಿಗಲ್ಲ ಕಣೇ, ನಲ್ಲಿಗೆ. ನಲ್ಲಿ ನಮ್ಮನೇಲೂ ಇದೆ. ಓಡ್ಸು, ನೋಡೋಣ."

ಆ ಪಾಠ ಈಗಲೂ ನಡೆದಿದೆ. ಒಂದು ಬೆಳಿಗ್ಗೆ ನಾನೂ ಹೋಗಿ ಗೋಡೆಗೊರಗಿ ನಿಂತೆ. ಎರಡು ಕೋಣೆಯ ಮನೆ. ಸ್ಟೂಲಿನ ಮುಂದೆ ನೆಲದ ಮೇಲೆ ಮೂರು ಹಳೇ ಚಪ್ಪಲಿ. ಅವು ಕ್ಲಚ್ಚು, ಬ್ರೇಕು, ಆಕ್ಸಿಲರೇಟರ್. ಬಕೆಟ್ಟಿನಲ್ಲಿ ನಿಲ್ಲಿಸಿದ ಕೋಲು ಗೇರು. ಅತ್ತೆ ನಲ್ಲಿಯ ಕೆಳಗೆ ಡ್ರಮ್ಮು ಇಟ್ಟಿದ್ದಾರೆ, ನೀರು ದಂಡವಾಗಬಾರದು, ಬಟ್ಟೆ ಒಗೆಯಲು ಬೇಕು. ಮಾತಿಗೆಲ್ಲ 'ಹೂಂ' ಎನ್ನುವುದೊಂದೇ ಗೊತ್ತಿರುವ ಗಂಡ ಪೇಪರು ಹಿಡಿದು ಬಾಗಿಲಲ್ಲಿ ಕೂತಿದ್ದಾರೆ. ನಲ್ಲಿ ಸುರಿಯತೊಡಗಿತು. ಡ್ರಮ್ಮು ತುಂಬುತ್ತಾ ಬಂತು, ಸದ್ದು ಏರಿತು, ನೀರು ಅಂಚಿಗೆ ಬಂದು ಚೆಲ್ಲುವ ಹಾಗಾಯಿತು. ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಪೈಪಕ್ಕನ ಹಣೆಯಲ್ಲಿ ಬೆವರು, ಕುತ್ತಿಗೆಯ ನರ ಬಿಗಿದಿದೆ, ಕಣ್ಣು ಎದುರಿನ ಗೋಡೆಯಿಂದ ಕದಲಿಲ್ಲ. ಕೊನೆಯ ತಿರುವು ತಿರುಗಿ, ಇಲ್ಲದ ಹ್ಯಾಂಡ್‌ಬ್ರೇಕನ್ನು ಗಾಳಿಯಲ್ಲೇ ಎಳೆದ ಮೇಲೆಯೇ ಅವರು ಎದ್ದದ್ದು. ನಗಬೇಕೆಂದು ಹೋದ ನಾನು ದಂಗಾಗಿ ನಿಂತಿದ್ದೆ. ಒಂದು ಪುಟ ಬರೆಯುವುದರೊಳಗೆ ಫೋನಿನತ್ತ ಕೈಚಾಚುವ ನನಗೆ, ಮನಸ್ಸನ್ನು ಹೀಗೆ ಕಟ್ಟಿ ಕೂರಿಸಬಹುದು ಎಂಬುದನ್ನು ಕಣ್ಣಾರೆ ಕಂಡ ಮೇಲೂ ನಂಬಲಾಗಲಿಲ್ಲ.

ಡಿಪೋದಲ್ಲೂ ಅವರು ಹಳೇ ಪದ್ಧತಿಯ ಜೊತೆಗೆ ಇನ್ನೊಂದನ್ನು ಸೇರಿಸಿಕೊಂಡಿದ್ದರು. ಕೆಲಸ ಶುರುವಾಗುವ ಮುಂಚೆ, ಬಂದ ಬಸ್ಸು ಕೊಳೆಯಾಗಿರುವಾಗಲೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಗಾಜಿನ ತುಂಬ ಸತ್ತ ಹುಳುಗಳು, ಸ್ಟೇರಿಂಗಿನ ಮೇಲೆ ಅಂಟು. ಬಟ್ಟೆ ಮಡಿಲಲ್ಲೇ ಇದ್ದರೂ ಒರೆಸುವಂತಿಲ್ಲ. "ಮೊದಮೊದ್ಲು ಕೈ ತುರಿಸ್ತಿತ್ತು ಮೇಡಂ. ಆಮೇಲಾಮೇಲೆ ಕೊಳೆ ದಾಟಿ ಆಚೆಗಿರೋ ರಸ್ತೆ ಕಾಣೋಕೆ ಶುರುವಾಯ್ತು," ಅನ್ನುತ್ತಾರೆ.

ಮೂರನೇ ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗುತ್ತೇನೆ. ಗೇರಜ್ಜ ಬಂದಿದ್ದಾರೆ, ನಿಂತಲ್ಲಿ ನಿಲ್ಲಲಾರರು. ಗೋಡೆ ಬದಿಯ ನಲ್ಲಿ ಇವತ್ತೂ ಸುರಿಯುತ್ತಿದೆ. ಅಧಿಕಾರಿ ಪೈಪಕ್ಕನನ್ನು ಮರೆತಿಲ್ಲ. ಒಳ್ಳೆಯ ಮನುಷ್ಯ, ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ.

"ಆ ನಲ್ಲಿ ನಿಲ್ಲಿಸಿಬಿಡ್ಲೇನಮ್ಮಾ?"

ಪೈಪಕ್ಕ ಒಂದು ಗಳಿಗೆ ನಲ್ಲಿಯತ್ತ ನೋಡುತ್ತಾರೆ. "ಬೇಡ ಸಾರ್. ಬಿಟ್ಟಿರ್ಲಿ."

ಬಸ್ಸು ಹೊರಡುತ್ತದೆ. ಎಂಟರ ಆಕಾರದಲ್ಲಿ ಸುತ್ತುತ್ತದೆ, ಏರಿನಲ್ಲಿ ನಿಂತು ಮತ್ತೆ ಹೊರಡುತ್ತದೆ. ಕೊನೆಗೆ ಕಂಬಗಳ ನಡುವೆ ಹಿಂದಕ್ಕೆ ಬರಬೇಕು, ನಲ್ಲಿಯ ಪಕ್ಕದಲ್ಲೇ. ನೀರಿನ ಸದ್ದು ನಮಗೇ ಇಷ್ಟು ಜೋರಾಗಿ ಕೇಳುತ್ತಿದೆ. ಗೇರಜ್ಜ ಕಣ್ಣು ಮುಚ್ಚಿಕೊಂಡಿದ್ದಾರೆ. ಬಸ್ಸು ನಲ್ಲಿಯ ಎದುರು ಬರುತ್ತದೆ, ನಿಧಾನವಾಗುತ್ತದೆ, ಇಳಿದೇಬಿಟ್ಟರು ಎಂದುಕೊಳ್ಳುತ್ತೇನೆ. ನಿಧಾನವಾಗಿದ್ದು ತಿರುವಿಗೆ. ಕಿಟಕಿಯಲ್ಲಿ ಕಾಣುವ ಆ ಕತ್ತು ಕನ್ನಡಿಯತ್ತ ಹೊರಳುತ್ತದೆಯೇ ಹೊರತು ನಲ್ಲಿಯತ್ತ ಅಲ್ಲ. ಒಂದು ಕಂಬವೂ ಅಲ್ಲಾಡದೆ ಬಸ್ಸು ಒಳಗೆ ಬಂದು ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದ ಸದ್ದು, ಆಮೇಲೆ ಎಂಜಿನ್ ಸುಮ್ಮನಾಗುತ್ತದೆ.

ಪೈಪಕ್ಕ ಇಳಿಯುತ್ತಾರೆ. ಅಧಿಕಾರಿಯನ್ನು ದಾಟಿ, ಅಜ್ಜನನ್ನು ದಾಟಿ, ನನ್ನನ್ನೂ ದಾಟಿ ದಾಪುಗಾಲು ಹಾಕುತ್ತಾ ನಲ್ಲಿಯ ಹತ್ತಿರ ಹೋಗಿ ಅದನ್ನು ಬಿಗಿಯಾಗಿ ತಿರುಗಿಸುತ್ತಾರೆ. ಕೊನೆಯ ಹನಿ ನಿಂತಿತೇ ಎಂದು ನೋಡುತ್ತಾರೆ. ಆಮೇಲೆ ತಿರುಗಿ ಬಂದು, ಏನಾಯ್ತು ಸಾರ್ ಎಂದು ಕೇಳುತ್ತಾರೆ.

"ನಲ್ಲಿ ನಿಲ್ಲಲಿ, ಆಮೇಲೆ ಹೇಳೋಣ ಅಂತ ಕಾಯ್ತಿದ್ದೆ," ಅನ್ನುತ್ತಾರೆ ಅಧಿಕಾರಿ. "ಪಾಸಾದ್ರಿ."

ಗೇರಜ್ಜ ಬಸ್ಸಿನ ಮೈ ತಟ್ಟುತ್ತಾ ನಿಲ್ಲುತ್ತಾರೆ. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಸುದ್ದಿ ಕೇಳಿ ಹೊಗಳಲಿಲ್ಲ, ಸದ್ಯ, ದಿನಾ ನಲ್ಲಿ ತಿರುಗಿಸಿ ತಿರುಗಿಸಿ ತನ್ನ ಮಣಿಕಟ್ಟು ನೋಯುತ್ತಿತ್ತು ಎಂದರು. ಆಮೇಲೆ ಒಳಗೆ ಹೋಗಿ ಸುಮಾರು ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣುಗಳು ಕೆಂಪಗಿದ್ದವು. ಗಂಡ ಮಾತ್ರ ಅವತ್ತು 'ಹೂಂ' ಬಿಟ್ಟು, "ಭೇಷ್" ಅಂದರು.

ಹೊಸ ಬಸ್ಸುಗಳು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪೈಪು ಇದ್ದೇ ಇದೆ. ಮರುದಿನ ಮುಂಜಾನೆ ಹೋದಾಗ ಅದೇ ಕಡಲ ಬಸ್ಸು, ಅದೇ ಮರಳು, ಮೊರ ತುಂಬಿದೆ. ಕೈ ಗುಡಿಸುತ್ತಿದೆ, ಆದರೆ ಇವತ್ತು ಬಾಯಿ ಬೈಯುತ್ತಿಲ್ಲ. ಯಾಕೆಂದು ಕೇಳಿದೆ. ಪೈಪಕ್ಕ ಮರಳಿನ ಚಿಟಿಕೆಯನ್ನು ಬೆರಳಲ್ಲಿ ಉಜ್ಜುತ್ತಾ ಡ್ರೈವರ್ ಸೀಟಿನತ್ತ ನೋಡಿದರು.

"ಈ ರೂಟೇ ಕೇಳಿದೀನಿ ಮೇಡಂ. ಕೊಟ್ರೆ, ಅಲ್ಲಿ ಬಸ್ ನಿಲ್ಸಿ ಒಂದ್ಸಲ ನೀರಿನ ತನಕ ನಡ್ಕೊಂಡು ಹೋಗಿ ಬರ್ತೀನಿ. ಕಾಲು ಒದರದೆ ಹತ್ತುತೀನಿ. ಅವತ್ತು ಇಲ್ಲಿ ಗುಡಿಸೋರು ಯಾರಿದ್ರೂ ಸರಿ, ಬೈಲಿ. ಆ ಮರಳು ತಂದೋಳು ನಾನೇ ಆಗಿರ್ತೀನಲ್ಲ."