ಕ್ಲಿಯೋಪಾತ್ರಳ ಕಿರೀಟದ ಬಿರುಕು

ಮಂಗಳೂರಿನಲ್ಲಿ ನಮ್ಮದು ಮೂರು ತಲೆಮಾರಿನ ಮರ್ಯಾದಸ್ಥ ಮನೆತನ. ನಮ್ಮ ಮಾತಿಗೆ ಯಾರೂ ನಕ್ಕದ್ದಿಲ್ಲ.

ನೈರೋಬಿಯಲ್ಲಿ ನಾನು ಮೇಟ್ರನ್ ಆಗಿರುವ ಹಾಸ್ಟೆಲಿನ ಹುಡುಗಿಯರನ್ನು ಹಳೆಯ ಪುಸ್ತಕಗಳ ಪ್ರದರ್ಶನಕ್ಕೆ ಕರೆದೊಯ್ದಿದ್ದೆ. ಯುರೋಪಿನ ಪುರಾತನ ಪುಸ್ತಕವೊಂದರಲ್ಲಿ ಈಜಿಪ್ಟಿನ ಕ್ಲಿಯೋಪಾತ್ರ ಫ್ರೆಂಚ್ ಜಮೀನ್ದಾರಿಣಿಯಂತೆ ಗೌನು ತೊಟ್ಟು ನಿಂತಿದ್ದಳು. ಎದುರು ಪುಟದ ಶೀಬಾ ರಾಣಿಗೂ ಅದೇ ಮುಖ, ಅದೇ ಗೌನು!

“ಎರಡೂ ಒಂದೇ ಚಿತ್ರ,” ಎಂದೆ.

“ನಿಮಗೆ ಬಿಳಿ ರಾಣಿಯರೆಲ್ಲ ಒಂದೇ ಥರ ಕಾಣ್ತಾರೇನೋ ಮೇಡಂ!” ಎಂದ ಪ್ರದರ್ಶನದ ಗೈಡ್. ಹುಡುಗಿಯರು ಕಿಸಕ್ಕನೆ ನಕ್ಕರು.

ಗಾಜಿಗೆ ಬೆರಳು ತಾಗಿಸದೆ, ಎರಡೂ ಕಿರೀಟಗಳಲ್ಲಿ ಒಂದೇ ಕಡೆ ಗೆರೆ ತುಂಡಾಗಿದ್ದನ್ನು ತೋರಿಸಿದೆ. ಬಿರುಕುಬಿಟ್ಟ ಒಂದೇ ಮರದಚ್ಚನ್ನು ಎರಡು ಸಲ ಒತ್ತಿ, ಹೆಸರು ಮಾತ್ರ ಬದಲಿಸಿದ್ದರು. ಗೈಡ್ ಬಗ್ಗಿ ನೋಡಿ, “ಸವಾ, ಸವಾ,” ಎನ್ನುತ್ತ ಮುಂದಿನ ಪುಸ್ತಕದತ್ತ ನಡೆದ.

ಇಲ್ಲಿಯ ಭಾಷೆಯಲ್ಲಿ ಸವಾ ಎಂದರೆ ಸರಿ ಎಂದಷ್ಟೇ, ಕ್ಷಮಿಸಿ ಎಂದಲ್ಲ. ಅವನು ಆ ಹುಡುಗಿಯರ ಎದುರೇ ನನ್ನ ಕ್ಷಮೆ ಕೇಳಬೇಕು.