ವಲ್ಲಿಯ ಮರೆಯಲ್ಲಿ ನಡುಗಿದ ಕೈ

ಒಂದು ಜೋಡಿ ಟೈರು, ಎರಡು ಟ್ಯೂಬಿಗೆ ನಾನು ಕೊಟ್ಟದ್ದು ಇಪ್ಪತ್ತು ಕಲ್ದಾರ್ ರೂಪಾಯಿ, ಮೇಲೊಂದು ಕಂಬಳಿ. ಅಂಗಡಿ ಹೊಸಪೇಟೆಯಲ್ಲಿತ್ತು. ಹೊಳೆ ದಾಟಿದರೆ ನಮ್ಮ ನಿಜಾಮನ ರೂಪಾಯಿ ನಡೆಯುತ್ತಿರಲಿಲ್ಲ, ಇಂಗ್ರೇಜರ ಕಲ್ದಾರೇ ಬೇಕು. ಅಂಗಡಿಯವನು ಇಪ್ಪತ್ತೈದು ಅಂದ, ನಾನು ಹದಿನೈದು ಅಂದೆ, ಇಬ್ಬರೂ ಇಪ್ಪತ್ತಕ್ಕೆ ಬಂದು ನಿಂತೆವು. ಅವನ ಕಣ್ಣು ಮಾತ್ರ ನನ್ನ ಹೆಗಲ ಮೇಲಿನ ಕಂಬಳಿ ಬಿಡಲಿಲ್ಲ. ಹೋಗಲಿ ಅಂತ ಕೊಟ್ಟೆ. ಕಂಬಳಿಯ ತೂತು ಒಳಮಡಿಕೆಯಲ್ಲಿತ್ತು.

ಲಡಾಯಿ ಮುಗಿದ ಮರುವರ್ಷದ ಮಾತಿದು. ಲಡಾಯಿಯ ಕಾಲಕ್ಕೆ ರಬ್ಬರು ಸಿಗದೆ ನನ್ನ ಸೈಕಲ್ಲು ನಾಲ್ಕು ವರ್ಷ ಕೊಪ್ಪಳದ ಮನೆಯ ತೊಲೆಗೆ ನೇತಾಡಿತು. ಹೆಂಡತಿ ಅದರ ಹ್ಯಾಂಡಲ್ಲಿಗೆ ಉಳ್ಳಾಗಡ್ಡಿ ತೂಗುಹಾಕಿದ್ದಳು. ನಾನು ಇದ್ದಲಿನ ಹೊಗೆಯಲ್ಲಿ ಓಡುವ ಮೋಟಾರು ಹತ್ತಿ ಕುಷ್ಟಗಿ, ಗಂಗಾವತಿ ಸಂತೆ ಮಾಡಿದೆ. ಕೂತಲ್ಲೇ ಹೊಟ್ಟೆ ಬೆಳೆಸಿದೆ. ಸೈಕಲ್ಲು ಇಳಿಸುತ್ತೇನೆ ಅಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಉಳ್ಳಾಗಡ್ಡಿಗೆ ಹೊಸ ನೆಲುವು ಕಟ್ಟಿಕೊಡಿ ಅಂದಳು. ಖರ್ಚಿಗೆ ಅದೂ ಸೇರಿತು.

ಇಷ್ಟೆಲ್ಲ ಒಬ್ಬ ಅಜ್ಜನ ಸಲುವಾಗಿ. ಕುರಿಗಾರರ ಹತ್ತಿರ ಉಣ್ಣೆ ಕೊಂಡು ಕಂಬಳಿ ನೇಯುವವರಿಗೆ ಮಾರುವುದು ನನ್ನ ವ್ಯಾಪಾರ. ಯಲಬುರ್ಗಾ ದಾರಿಯ ಕುರಿಹಟ್ಟಿಯ ಈ ಅಜ್ಜನ ಉಣ್ಣೆಯಷ್ಟು ಕಪ್ಪು ಸುತ್ತ ಎಲ್ಲೂ ಸಿಗುತ್ತಿರಲಿಲ್ಲ. ಅಲ್ಲಿಗೆ ಮೋಟಾರು ಹೋಗದು. ನನ್ನ ಸೈಕಲ್ಲು ತೊಲೆ ಏರಿದ ಮೇಲೆ, ಕುದುರೆ ಇದ್ದ ಬೇರೊಬ್ಬ ವ್ಯಾಪಾರಿ ಆ ಉಣ್ಣೆ ಎತ್ತತೊಡಗಿದ್ದ. ಈ ವರ್ಷವೂ ತಪ್ಪಿದರೆ ನನ್ನ ನೇಕಾರರು ಪೂರಾ ಅವನ ಬಾಗಿಲಿಗೆ ಹೋಗುವವರಿದ್ದರು.

ಟೈರು ಹಾಕಿಸಿದ ಮರುದಿನವೇ ಹಟ್ಟಿಗೆ ಹೊರಟೆ. ಅದು ನನ್ನ ಮೊದಲ ತಪ್ಪು. ಎದುರುಗಾಳಿ, ಬಂಡಿ ಜಾಡು, ಜಾಡಿನ ತುಂಬ ಕಲ್ಲು. ಅರ್ಧ ದಾರಿ ಸೈಕಲ್ಲು ನನ್ನನ್ನು ಹೊತ್ತಿತು, ಉಳಿದರ್ಧ ನಾನು ಅದನ್ನು ನೂಕಿದೆ. ಮುಟ್ಟಿದವನು ನೀರು ಸಹ ಕುಡಿಯದೆ ವ್ಯಾಪಾರಕ್ಕೆ ಕೂತೆ. ಅದು ಎರಡನೆಯ ತಪ್ಪು.

ನಮ್ಮಲ್ಲಿ ದರ ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹಾಸಿ, ಅದರ ಮರೆಯಲ್ಲಿ ಬೆರಳು ಹಿಡಿಯುವುದು; ಬೆರಳು ಹೆಚ್ಚಾದಷ್ಟೂ ದರ ಹೆಚ್ಚು. ನಾನು ಮೂರು ಬೆರಳು ಹಿಡಿದೆ, ಅಜ್ಜ ಐದು ಹಿಡಿದ. ಬ್ಯಾಡ ಬಿಡಜ್ಜಾ, ಮನಿಯಾಗ ಉಣ್ಣಿ ರಗಡ ಬಿದ್ದೈತಿ ಅಂತ ಸುಳ್ಳು ಹೇಳಿದೆ. ಅಜ್ಜ ಕೈ ಬಿಡಲೇ ಇಲ್ಲ.

“ತಮ್ಮಾ, ನಿನ್ನ ಬಾಯಿ ಬ್ಯಾಡ ಅಂತೈತಿ, ಕೈ ನಡುಗಾಕತ್ತೈತಲ್ಲ. ಭಾಳ ಆಸಿ ಐತಿ ನಿನಗ.”

ಹ್ಯಾಂಡಲ್ಲು ಹಿಡಿದೂ ಹಿಡಿದೂ ನಡುಗುವ ಕೈ ಅದು ಅಂತ ಹೇಳುವಂತಿಲ್ಲ; ಹೇಳಿದರೆ ಅಷ್ಟು ಕಷ್ಟಪಟ್ಟು ಬಂದದ್ದು ಗೊತ್ತಾಗುತ್ತದೆ. ಅಜ್ಜ ಐದರಿಂದ ಇಳಿಯಲಿಲ್ಲ; ಕಾರಹುಣ್ಣಿವಿ ಹಬ್ಬದ ಮರುದಿನ ಕುರಿಗೆ ಕತ್ತರಿ ಹಾಕುತ್ತೇವೆ, ಅವತ್ತು ಬಾ, ಕುದುರೆಯವನೂ ಬರುತ್ತಾನೆ ಅಂದ. ಇನ್ನೂ ಮೂರು ವಾರ ಇತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿ ಮರುಗಲಿಲ್ಲ. ಕೌದಿ ಹೊಲಿಯುವ ದಬ್ಬಳ, ಅಂದರೆ ದಪ್ಪ ಸೂಜಿ, ಮತ್ತು ದಾರ ತಂದು ಮುಂದಿಟ್ಟಳು. “ದಿನಾ ಸೈಕಲ್ ಇಳಿದ ಕೂಡ್ಲೆ ಇದನ್ನ ಪೋಣಸ್ರಿ. ಪೋಣಿಸಿ ನಾಕು ಸಾಲು ಹೊಲೀರಿ. ನೆಟ್ಟಗ ಹೊಲದ್ರಿ ಅಂದ್ರ ಕೈ ನೆಟ್ಟಗಾತು.”

ಬುದ್ಧಿಯ ಮಾತೇ. ಮೊದಲ ವಾರ ಇರಕಲ್ಲಗಡದ ಅರ್ಧ ದಾರಿಗೆ ಹೋಗಿ ತಿರುಗಿದೆ. ದಾರ ಸೂಜಿಯ ಆಚೆ ಈಚೆ ಹೋಯಿತು, ಕಣ್ಣಿಗೆ ಮಾತ್ರ ಹೋಗಲಿಲ್ಲ. ಎರಡನೆಯ ವಾರ ಇರಕಲ್ಲಗಡ ಮುಟ್ಟಿ ಬಂದೆ. ನನ್ನ ಹೊಲಿಗೆ ಕುಡಿದವನ ನಡಿಗೆಯ ಹಾಗಿತ್ತು. ಮೂರನೆಯ ವಾರ ಗಂಗಾವತಿಗೆ ಹೋಗಿ ಕ್ಯಾರಿಯರ್ ಮೇಲೆ ಅಕ್ಕಿ ಕಟ್ಟಿಕೊಂಡು ಬಂದು ಒಂದೇ ಸಲಕ್ಕೆ ಪೋಣಿಸಿದೆ. ಅಷ್ಟರಲ್ಲಿ ಒಂದು ಕೌದಿ ಮುಗಿದಿತ್ತು. ಅಕ್ಕಿಯೂ ಮನೆಗೆ ಬೇಕಾಗಿತ್ತಂತೆ. ವ್ಯಾಪಾರ ನನಗೊಬ್ಬನಿಗೇ ಬರುತ್ತದೆ ಅಂತ ಅಲ್ಲಿಯತನಕ ತಿಳಿದಿದ್ದೆ.

ಅಜ್ಜ ಹೇಳಿದ ದಿನ ಹಟ್ಟಿಗೆ ಹೋದೆ. ಅದೇ ಗಾಳಿ, ಅದೇ ಕಲ್ಲು, ಒಮ್ಮೆಯೂ ಇಳಿಯಲಿಲ್ಲ. ಕುದುರೆಯವನು ಆಗಲೇ ಮೂರು ಬೆರಳು ಹಿಡಿದು, ಅದರ ಮೇಲೆ ಏರದೆ (ಇದು ಅಜ್ಜ ಆಮೇಲೆ ಹೇಳಿದ್ದು), ಬೇವಿನ ನೆರಳಿಗೆ ಕೂತಿದ್ದ. ನಾನು ಮಜ್ಜಿಗೆ ಕುಡಿದು, ಮಳೆ ಬೆಳೆ ವಿಚಾರಿಸಿ, ಸಾವಕಾಶ ವಲ್ಲಿ ಹಾಸಿದೆ. ಮೂರು ಬೆರಳು ಹಿಡಿದೆ. ಕೈ ಕಲ್ಲಿನ ಹಾಗಿತ್ತು. ಅಜ್ಜನಿಗೂ ಸಾಕಾಗಿತ್ತೇನೋ, ಮೂರಕ್ಕೇ ಬರುವವನ ಹಾಗೆ ತಲೆದೂಗತೊಡಗಿದ. ಅಷ್ಟರಲ್ಲಿ ಅವನ ಹೆಬ್ಬೆರಳು ನನ್ನ ತೋರುಬೆರಳ ತುದಿಗೆ ಬಂದು ನಿಂತಿತು, ಅಲ್ಲೇ ಸವರಿತು.

“ಈ ಗುಳಿ ದಬ್ಬಳ ಒತ್ತಿದವರಿಗಷ್ಟ ಬೀಳತಾವ. ನೀ ಯಾವಾಗ ಕೌದಿ ಹೊಲಿಯಾಕ ಕಲ್ತಿ?”

ಜೀವಮಾನವೆಲ್ಲ ಕಂಬಳಿ ಹೊಲಿದ ಕೈ ಅದು. ಎಂಥ ಸುಳ್ಳೂ ನಡೆಯುವಂತಿರಲಿಲ್ಲ. ಕುದುರೆಯವನಿಗೆ ಕೇಳದ ಹಾಗೆ ಇದ್ದದ್ದು ಇದ್ದಂಗೆ ಹೇಳಿದೆ. ಅಜ್ಜ ಕೆಮ್ಮು ಬರುವತನಕ ನಕ್ಕ. ಆಮೇಲೆ ನನ್ನ ಕಿವಿಗೆ ಬಾಗಿ, “ನನ್ನ ಉಣ್ಣಿ ಸಲುವಾಗಿ ಇಷ್ಟು ದುಡದಿ ಅಂದ್ರ ನಿನಗ ಮೂರಕ್ಕ ಹೆಂಗ ಕೊಡ್ಲೊ?” ಅಂತ ನಾಲ್ಕು ಬೆರಳು ಹಿಡಿದ. ಕೊಟ್ಟೆ. ಕುದುರೆಯವನಿಗೆ ನಮ್ಮ ನಗು ಕೇಳಿಸಿತು, ಬೆರಳು ಕಾಣಿಸಲಿಲ್ಲ. ಉಣ್ಣೆ ನನ್ನ ಪಾಲಾಯಿತು.

ಬಹಳ ದಿನ ಬಿಟ್ಟ ಸೈಕಲ್ಲು ಮತ್ತೆ ಹತ್ತುವವರು ನನ್ನ ಮಾತು ಕೇಳಿ. ಮೊದಲ ವಾರ ಅರ್ಧ ದಾರಿಗೇ ತಿರುಗಿರಿ, ಇನ್ನೂ ಹೋಗಬಲ್ಲೆ ಅನಿಸಿದರೂ ತಿರುಗಿರಿ. ಹೋಗುವಾಗ ಎದುರುಗಾಳಿ ಇರಲಿ, ಬರುವಾಗ ಗಾಳಿಯೇ ನೂಕುತ್ತದೆ. ಹ್ಯಾಂಡಲ್ಲನ್ನು ಎಮ್ಮೆಯ ಕೊಂಬು ಹಿಡಿದ ಹಾಗೆ ಹಿಡಿಯಬೇಡಿ, ಬೆರಳು ಸಡಿಲ ಇರಲಿ. ಇಳಿದ ಕೂಡಲೇ ವ್ಯಾಪಾರಕ್ಕೆ ಕೂಡಬೇಡಿ. ಕೈ ಪರೀಕ್ಷೆಗೆ ಸೂಜಿ ಪೋಣಿಸುವುದು ಒಳ್ಳೆಯ ಉಪಾಯ, ಅದರಷ್ಟು ಖರೆ ಹೇಳುವುದು ಇನ್ನೊಂದಿಲ್ಲ. ಪೋಣಿಸಿದ ಮೇಲೆ ಮಾತ್ರ ಸೂಜಿ ಹೆಂಡತಿಯ ಕೈಗೆ ಕೊಟ್ಟು ಎದ್ದುಬಿಡಿ. ಹೊಲಿಯಲೇಬೇಕಾಗಿ ಬಂದರೆ ಬೆರಳಿಗೆ ಚಿಂದಿ ಸುತ್ತಿಕೊಳ್ಳಿ.