ತೊಡೆಯ ಮೇಲಿನ ಚುಟಿಗೆ

ಹೋದ ವಾರ ಪಕ್ಕದ ಮನೆಯ ಸೊಸೆಗೆ ನೆಗಡಿಯಾಗಿತ್ತು. ಅರಿಷಿಣ ಕೊಂಬನ್ನು ದೀಪಕ್ಕೆ ಹಿಡಿದು ಸುಟ್ಟು, ಅದರ ಹೊಗೆ ಎಳೆದುಕೊಳ್ಳುತ್ತಿದ್ದಳು. ಆ ಕಮಟು ವಾಸನೆ ಕಿಟಕಿಯಿಂದ ನನ್ನ ಅಡುಗೆಮನೆಗೂ ಬಂತು. ಒಲೆ ಆರಿಸಿ ಹಾಗೇ ಕುಳಿತುಬಿಟ್ಟೆ. ನನಗೆ ಆ ವಾಸನೆ ಅಂದರೆ ಚುಟಿಗೆ. ಚುಟಿಗೆ ಅಂದರೆ ಆಯಮ್ಮ...

ಚುಟಿಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಎಳೆಗೂಸು ಹೊಟ್ಟೆ ಉಬ್ಬರಿಸಿಕೊಂಡು ಅತ್ತರೆ, ಮನೆಯ ಹಿರಿಯರು ಕಾದ ಅರಿಷಿಣ ಕೊಂಬನ್ನು ಅದರ ಹೊಟ್ಟೆಗೆ ಚುರ್ ಅನ್ನಿಸುತ್ತಾರೆ. ಅದರಿಂದ ಬೇನೆ ಹೋಗುತ್ತದೆ ಎಂಬ ನಂಬಿಕೆ. ನನ್ನ ಹೊಕ್ಕುಳ ಪಕ್ಕದಲ್ಲೂ ಎರಡು ಕಲೆಗಳಿವೆ, ನನ್ನ ಅಜ್ಜಿಯ ಕೈಗುಣ. ಅಂಗನವಾಡಿಗಳ ಸೂಪರ್‌ವೈಸರ್ ಆದ ಮೇಲೆ, ಕೂಸುಗಳಿಗೆ ಚುಟಿಗೆ ಹಾಕಬೇಡಿ ಎಂದು ಊರೂರು ತಿರುಗಿ ಭಾಷಣ ಮಾಡಿದವಳೂ ನಾನೇ. ಹೆಂಗಸರು ತಲೆದೂಗಿ, ಚಹಾ ಕುಡಿಸಿ ಕಳಿಸುತ್ತಿದ್ದರು. ಮಕ್ಕಳ ಮೈಮೇಲಿನ ಸುಟ್ಟ ಗಾಯ ನೋಡಿ ನೋಡಿ ನನ್ನ ಕಣ್ಣು ಒಗ್ಗಿಹೋಗಿತ್ತು.

ಆಯಮ್ಮ ತಾವರಗೇರಾ ಕಡೆಯ ಒಂದು ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಕಸ ಗುಡಿಸುವುದು, ಉಪ್ಪಿಟ್ಟು ಮಾಡುವುದು, ಮಕ್ಕಳ ಮೂಗು ಒರೆಸುವುದು ಆಕೆಯ ಕೆಲಸ. ಬಾಯಿ ಮಾತ್ರ ಭಾರಿ ಜೋರು. ಒಮ್ಮೆ ಉಪ್ಪಿಟ್ಟಿಗೆ ಖಾರವೇ ಇಲ್ಲವಲ್ಲ ಅಂದದ್ದಕ್ಕೆ, "ಮಕ್ಕಳ ಊಟಾರೀ ಇದು, ನಿಮ್ಮದಲ್ಲ" ಎಂದು ನನಗೇ ತಿರುಗಿ ಹೇಳಿದ್ದಳು. ಸಿಟ್ಟು ಬಂದಿತ್ತು. ಆದರೂ ಆ ಊರಿಗೆ ಹೋದಾಗಲೆಲ್ಲ ಆಕೆಯ ಮಾತು ಕೇಳುವ ಆಸೆಯಿಂದ ಹತ್ತು ನಿಮಿಷ ಹೆಚ್ಚು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಆಕೆ ಬಸ್ಸು ಹಿಡಿದು ಕುಷ್ಟಗಿಯ ನನ್ನ ಆಫೀಸಿಗೆ ಬಂದಳು. ಕೈಚೀಲದಿಂದ ಉಪ್ಪಿಟ್ಟಿನ ಸೌಟು ತೆಗೆದು ಮೇಜಿನ ಮೇಲಿಟ್ಟಳು.

"ಮೇಡಮ್ಮಾರ, ಒಂದು ಕೂಸಿನ ತೊಡಿ ಸುಟ್ಟಾರ್ರೀ. ಚಡ್ಡ್ಯಾಗ ಉಚ್ಚಿ ಹೊಯ್ಕೊಂತು ಅಂತ ಟೀಚರು ಇದರ ಹಿಡಿ ಕಾಸಿ ಹಚ್ಯಾರ. ನಾ ನೀರಿಗೆ ಹೋಗಿದ್ನಿ. ಬರೂದ್ರಾಗ ಕೂಸು ಒದರಾಕತ್ತಿತ್ತು, ಸೌಟು ಒಲಿ ಮ್ಯಾಲ ಇತ್ತು."

ನಾಲ್ಕು ವರ್ಷದ ಹುಡುಗಿ. ತಾಯಿ ಬಿತ್ತನೆ ಬೀಜ ಬೆಳೆಯುವ ಹೊಲಕ್ಕೆ ಕೂಲಿಗೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವವಳು. ಆ ಗಳಿಗೆಯಲ್ಲೇ ಮೇಲಿನವರಿಗೆ ಬರೆದು, ಕೂಸನ್ನು ಡಾಕ್ಟರಿಗೆ ತೋರಿಸಿ, ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕಿತ್ತು. ಇದನ್ನೆಲ್ಲ ತರಬೇತಿಯಲ್ಲಿ ಬೇರೆಯವರಿಗೆ ಕಲಿಸಿದವಳು ನಾನು. ಮಾಡಿದ್ದೇನು? ಟೀಚರಿಗೆ ಫೋನು ಹಚ್ಚಿದೆ. "ನಿಮ್ಮ ಮೇಲೆ ಹೀಗೊಂದು ದೂರು ಬಂದಿದೆ, ನಾಳೆ ಬರುತ್ತೇನೆ, ಕೂತು ಮಾತಾಡೋಣ" ಅಂದೆ. ಆಕೆಯ ರಿಜಿಸ್ಟರುಗಳು ತಾಲ್ಲೂಕಿನಲ್ಲೇ ಚೊಕ್ಕ. ಅಷ್ಟು ಚಂದ ಅಕ್ಷರದವರು ಕೂಸಿನ ತೊಡೆ ಸುಡುವುದಿಲ್ಲ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಎರಡೂ ಕಡೆಯವರನ್ನು ಕೂರಿಸಿ ಕೇಳುವುದೇ ನ್ಯಾಯ, ಊರಿನ ಜಗಳಗಳೆಲ್ಲ ಹಾಗೇ ತಾನೇ ಬಗೆಹರಿಯುವುದು, ಎಂದುಕೊಂಡಿದ್ದೆ.

ಮರುದಿನ ಅಂಗನವಾಡಿಯಲ್ಲಿ ಎಲ್ಲರನ್ನೂ ಕೂರಿಸಿದೆ. ಟೀಚರು, ಆಯಮ್ಮ, ಕೂಲಿ ಬಿಟ್ಟು ಬಂದ ತಾಯಿ, ಪಂಚಾಯ್ತಿಯ ಒಬ್ಬ ಸದಸ್ಯರು. ಎಲ್ಲರ ನಡುವೆ ಕೂಸನ್ನು ನಿಲ್ಲಿಸಿದೆ. ಅದರ ಬೆನ್ನ ಹಿಂದಿನ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ ದೊಡ್ಡದಾಗಿತ್ತು. ನಾನೇ ಮುಂದೆ ನಿಂತು ಬರೆಸಿದ್ದು.

ಟೀಚರ ಬಳಿ ಉತ್ತರ ತಯಾರಿತ್ತು. "ಅವರ ಅಜ್ಜಿ ಚುಟಿಗಿ ಹಾಕ್ಯಾಳ್ರೀ ಮೇಡಂ." ತಾಯಿ ನೆಲ ನೋಡುತ್ತ ಸೆರಗಿನ ತುದಿ ಹಿಂಡುತ್ತಿದ್ದಳು.

"ಚುಟಿಗಿ ಹೊಟ್ಟಿಗೆ ಹಾಕ್ತಾರ್ರೀ," ಅಂದಳು ಆಯಮ್ಮ. "ತೊಡಿಗೆ ಯಾರು ಹಾಕ್ತಾರ? ನೀವ ಹೇಳ್ರಿ ಮೇಡಮ್ಮಾರ."

ನನ್ನ ಕೈ ತಾನಾಗಿ ಸೀರೆಯ ನೆರಿಗೆಯ ಮೇಲೆ, ನನ್ನ ಕಲೆಗಳಿದ್ದ ಜಾಗಕ್ಕೆ ಹೋಯಿತು. ಆಕೆ ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ಈವತ್ತಿನವರೆಗೆ ಯಾರಿಗೂ ಹೇಳಿಲ್ಲ. ಗೊತ್ತಾಗಿಯೂ ನಾನು ಕೂಸಿನ ಕಡೆ ಬಾಗಿ, "ಯಾರವ್ವಾ ಸುಟ್ಟೋರು?" ಎಂದು ಕೇಳಿದೆ. ಟೀಚರು ನಗುತ್ತ, "ಹೇಳವ್ವಾ, ಅಂಜಬ್ಯಾಡ" ಅಂದಳು. ಕೂಸು ಅವಳ ಮುಖವನ್ನೇ ನೋಡಿತು. ಬಹಳ ಹೊತ್ತು ನೋಡಿತು... ಆಮೇಲೆ ಕೈಯೆತ್ತಿ ಆಯಮ್ಮನನ್ನು ತೋರಿಸಿತು.

"ನೋಡ್ರೀ, ತಾನ ಮಾಡಿ ನನ್ನ ಮ್ಯಾಲ ಹಾಕ್ಯಾಳ!" ಎಂದು ಟೀಚರು ಕಣ್ಣೊರೆಸಿಕೊಂಡಳು. ಅರೆಗಳಿಗೆಯ ಹಿಂದೆ ಸುಟ್ಟವಳು ಅಜ್ಜಿಯಾಗಿದ್ದಳು, ಈಗ ಆಯಮ್ಮನಾದಳು. ಅದು ನನಗೆ ಕಾಣಿಸಿತು. ಆದರೆ ಸದಸ್ಯರು ಗಡಿಯಾರ ನೋಡುತ್ತಿದ್ದರು, ನನಗೂ ಮುಗಿದರೆ ಸಾಕಾಗಿತ್ತು.

ಆಯಮ್ಮ ಜಗಳ ಮಾಡಲಿಲ್ಲ. ಅಷ್ಟು ಬಾಯಿಯ ಹೆಂಗಸು, "ಕೂಸಿಗೆ ಯಾರೂ ಬೈಬ್ಯಾಡ್ರಿ. ಅದರದೇನು ತಪ್ಪಿಲ್ಲ" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆ ತಿಂಗಳೇ ಆಕೆಯನ್ನು ಕೆಲಸದಿಂದ ಬಿಡಿಸಿದರು. ನಾನು ವಿಸಿಟ್ ಬುಕ್ಕಿನಲ್ಲಿ, ಟೀಚರ ಮೇಲಿನ ಆರೋಪದಲ್ಲಿ ಹುರುಳಿಲ್ಲವೆಂದು ಬರೆದು ಸಹಿ ಹಾಕಿದೆ. ನನ್ನ ಬ್ಯಾಗಿನಲ್ಲಿದ್ದ ಸೌಟನ್ನು ನಾನೇ ಕೈಯಾರೆ ಟೀಚರಿಗೆ ವಾಪಸ್ಸು ಕೊಟ್ಟು ಬಂದೆ.

ಒಂದು ವರ್ಷದ ಮೇಲೆ ಅದೇ ಅಂಗನವಾಡಿಯ ಇನ್ನೊಂದು ಮಗುವಿನ ಅಪ್ಪ ತನ್ನ ಫೋನು ಹಿಡಿದು ಆಫೀಸಿಗೆ ಬಂದ. ಫೋಟೋದಲ್ಲಿದ್ದದ್ದು ತೊಡೆ, ಸೌಟಿನ ಹಿಡಿಯ ಅಳತೆಯ ಗಾಯ. ಈ ಸಲ ಮೇಲಿನವರೂ ನೋಡಿದರು. ಟೀಚರನ್ನು ಬೇರೆ ಊರಿಗೆ ವರ್ಗ ಮಾಡಿದರು, ಅಷ್ಟೇ. ಆ ಊರಿನಲ್ಲೂ ಮಕ್ಕಳಿದ್ದರು. ವರ್ಗಾವಣೆಯ ಕಾಗದ ನನ್ನ ಕೈಯಿಂದಲೇ ಹೋಯಿತು. ಅಷ್ಟರಲ್ಲಿ ಮೊದಲಿನ ಹುಡುಗಿಯ ಮನೆಯವರು ದುಡಿಯಲು ಗೋವಾ ಕಡೆ ಹೋಗಿದ್ದರು. ಎಲ್ಲಿ ಎಂದು ನೆರೆಯವರಿಗೂ ಗೊತ್ತಿರಲಿಲ್ಲ. ಗಟ್ಟಿಯಾಗಿ ಹುಡುಕಿದೆ ಅಂದರೆ ಸುಳ್ಳಾಗುತ್ತದೆ.

ಆಮೇಲೆ ಆಯಮ್ಮ ಕುಷ್ಟಗಿಯ ಸಂತೆಯಲ್ಲಿ ಮೂರು ಸಲ ಸಿಕ್ಕಳು, ಸೊಪ್ಪಿನ ಬುಟ್ಟಿಯ ಹಿಂದೆ. ಮೂರು ಸಲವೂ ಕೆಲಸದ ಮಾತಿಲ್ಲ, ಬೈಗುಳವಿಲ್ಲ. ಕೇಳಿದ್ದು ಒಂದೇ.

"ಆ ಕೂಸು ಹೆಂಗೈತ್ರೀ?"

"ಛಲೋ ಐತಿ ಬಿಡು," ಅನ್ನುತ್ತಿದ್ದೆ. ಆಕೆಯ ಮುಖ ಅರಳುತ್ತಿತ್ತು. ತಪ್ಪಾಯಿತು ಅನ್ನಲು ನನಗೆ ಮೂರು ಸಲ ಅವಕಾಶ ಸಿಕ್ಕಿತ್ತು. ಮೂರು ಸಲವೂ ಮೆಂತ್ಯ ಸೊಪ್ಪು ಕೊಂಡು ಮನೆಗೆ ಬಂದೆ.

ಈ ಚಳಿಗಾಲದಲ್ಲಿ ಆಯಮ್ಮ ತೀರಿಕೊಂಡಳೆಂದು ಆ ಊರಿನವರೊಬ್ಬರು ಹೇಳಿದರು. ಊರಿನ ಬಾಯಲ್ಲಿ ಆಕೆ ಇಂದಿಗೂ ಕೂಸಿನ ತೊಡೆ ಸುಟ್ಟ ಆಯಾ. ಪಕ್ಕದ ಮನೆಯ ಹೊಗೆ ಕರಗಿ ಎಷ್ಟೋ ಹೊತ್ತಾದರೂ ನಾನು ಒಲೆ ಹಚ್ಚಲಿಲ್ಲ. ಆ ಹುಡುಗಿ ಎಲ್ಲೋ ಬೆಳೆದು ದೊಡ್ಡವಳಾಗಿರಬೇಕು. ಬದುಕಿದ್ದಾಳೋ... ಅದೂ ನನಗೆ ಗೊತ್ತಿಲ್ಲ. ಆ ಕೂಸು ಹೇಗಿದೆ ಎಂದು ಕೇಳುತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ.